ತುಂಗಿಗೆ ದನಿ ಕೊಟ್ಟದ್ದು

ಕಥೆಯಲ್ಲಿ ಹತ್ತು ವರ್ಷದ ಹುಡುಗಿಯ ಮಾತು ಬಂದ ಕೂಡಲೇ ಓದುವ ದೊಡ್ಡವರು ಮೂಗಿನಲ್ಲಿ ಕೀರಲು ದನಿ ತೆಗೆಯುತ್ತಾರೆ. ಮಕ್ಕಳಿಗೆ ಅದು ಒಂಚೂರೂ ಹಿಡಿಸುವುದಿಲ್ಲ. ನಾನೇ ಬರೆದ ಕಥೆಯ ನಾಯಕಿ ತುಂಗಿ, ಕಳುವಾದ ಮಳೆಯನ್ನು ಹುಡುಕಿಕೊಂಡು ರಾಕ್ಷಸನ ಗುಹೆಗೆ ಇಳಿಯುವವಳು. ಆಡಿಯೊಬುಕ್ ಮಾಡುವಾಗ ಅವಳಿಗೆ ನನ್ನ ಸ್ವಂತ ದನಿಯನ್ನೇ ಕೊಟ್ಟೆ. ಸ್ವಲ್ಪ ಹಗುರ, ಸ್ವಲ್ಪ ಚುರುಕು, ಅಷ್ಟೇ. ಬಗೆಬಗೆಯ ದನಿಗಳೆಲ್ಲ ಅಜ್ಜಿಗೆ, ಮಾತಾಡುವ ಕಾಡುಪಾಪಕ್ಕೆ ಹೋದವು. ಕಥೆಯುದ್ದಕ್ಕೂ ಜೊತೆಗಿರುವವಳ ದನಿ ಕಿವಿಗೆ ದಣಿವಾಗಬಾರದು, ಅಲ್ವಾ?

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಅವಳ ಧೈರ್ಯದ ಬಗ್ಗೆ. ಗುಹೆಯ ಬಾಯಲ್ಲಿ ನಿಂತು ತುಂಗಿ "ನಾನು ವಾಪಸ್ ಹೋಗಲ್ಲ" ಅನ್ನುತ್ತಾಳೆ. ಕೂಗಿ ಓದಿದರೆ ಬರೀ ಹಟಮಾರಿ ಅನ್ನಿಸುತ್ತಾಳೆ. "ನಾನು" ಆದ ಮೇಲೆ ಒಂದು ಉಸಿರು ಎಳೆದುಕೊಂಡು, ಉಳಿದದ್ದನ್ನು ಮೆಲ್ಲಗೆ ಹೇಳಿದೆ. ಹೆದರಿಕೆ ಆ ಉಸಿರಲ್ಲೇ ಕೇಳಿಸುತ್ತದೆ. ಎಡಿಟ್ ಮಾಡುವಾಗ ಉಸಿರನ್ನೆಲ್ಲ ಕತ್ತರಿಸಿ ಹಾಕುವವರಿದ್ದಾರೆ. ಇಂಥ ಕಡೆ ದಯವಿಟ್ಟು ಬಿಟ್ಟುಬಿಡಿ.

ರಾಕ್ಷಸನದು ಬೇರೆ ಕಥೆ. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ನನಗೆ ರಾಕ್ಷಸ ಅಂದರೆ ಅಬ್ಬರಿಸಲೇಬೇಕು. ಆದರೆ ಮೈಕ್ ಮುಂದೆ ಅಬ್ಬರಿಸಿದರೆ ದನಿ ಒಡೆಯುತ್ತದೆ, ಇಯರ್‌ಫೋನ್ ಹಾಕಿಕೊಂಡ ಮಗು ಬೆಚ್ಚಿಬೀಳುತ್ತದೆ. ಅದಕ್ಕೆ ಅಟ್ಟದಿಂದ ಹಿತ್ತಾಳೆ ಕೊಡ ಇಳಿಸಿದೆ. ಅದರ ಬಾಯಿಗೆ ಮುಖವಿಟ್ಟು, ಮೈಕನ್ನು ಅಂಚಿನ ಪಕ್ಕದಲ್ಲಿಟ್ಟು, ತಗ್ಗಿದ ದನಿಯಲ್ಲಿ ಮಾತಾಡಿದೆ. ಗುಂಯ್ ಅನ್ನುವ ಆ ಗುಂಗು ಯಾವ ಸಾಫ್ಟ್‌ವೇರ್‌ನಿಂದಲೂ ನನಗೆ ಸಿಕ್ಕಿರಲಿಲ್ಲ.

ಸ್ಟುಡಿಯೊ ಇಲ್ಲ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದಕ್ಕೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಕೌದಿ ನೇತುಹಾಕಿದೆ. ಹಿಂದಿನ ಗೋಡೆಗೆ ಬಡಿದು ಬರುವ ಸದ್ದೇ ಮೈಕ್‌ಗೆ ನೇರ ಸಿಗುವುದರಿಂದ ಕೌದಿ ಬೇಕೇ ಬೇಕು. ಫ್ಯಾನ್ ಬಂದ್. ಎದುರುಮನೆಯ ಕುಕ್ಕರ್ ಕೂಗುವುದು ನಿಂತ ಮೇಲೆ, ರಾತ್ರಿ ಹೊತ್ತೇ ಕೆಲಸ. ಪ, ಭ, ಫ ಬಂದಾಗ ಬಾಯಿಂದ ಹೊರಡುವ ಗಾಳಿ ಮೈಕ್‌ಗೆ ಬಡಿದು 'ದಬ್' ಅನ್ನುತ್ತದೆ. ಮೈಕನ್ನು ಒಂದು ಗೇಣು ದೂರ, ಬಾಯಿಗೆ ಸ್ವಲ್ಪ ಓರೆಯಾಗಿ ಇಟ್ಟರೆ ಆ ಕಾಟವಿಲ್ಲ. ಬಾಯಿ ಒಣಗಿ ಚಿಟಿಚಿಟಿ ಸದ್ದು ಬಂದರೆ ಹುಳಿ ಇರುವ ಹಸಿರು ಸೇಬಿನ ಒಂದು ಹೋಳು ತಿನ್ನುತ್ತೇನೆ.

ರೆಕಾರ್ಡ್ ಮಾಡಿದ್ದು ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಅದು ಪುಕ್ಕಟೆ ಸಿಗುತ್ತದೆ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯಬೇಕು ಅನ್ನುವುದನ್ನು, 44.1 ಕಿಲೊಹರ್ಟ್ಸ್ ಇಟ್ಟೆ; ಪೀಕ್, ಅಂದರೆ ದನಿಯ ಅತಿ ಜೋರಾದ ಮಟ್ಟ, -3 ಡೆಸಿಬಲ್ ದಾಟದಂತೆ ನೋಡಿಕೊಂಡೆ. ತಪ್ಪಿದಾಗೆಲ್ಲ ಒಂದು ಚಪ್ಪಾಳೆ ತಟ್ಟಿ, ಆ ಸಾಲನ್ನು ಮೊದಲಿಂದ ಓದುತ್ತೇನೆ. ಪರದೆಯ ಮೇಲೆ ಚಪ್ಪಾಳೆ ಗೆರೆ ಎದ್ದು ಕಾಣುವುದರಿಂದ ಕತ್ತರಿಸುವುದು ಸುಲಭ.

ಮುಗಿದ ಮೇಲೆ ಕಾರಿನಲ್ಲಿ ಹಾಕಿ ಕೇಳಿ. ಮಕ್ಕಳು ಇಂಥ ಕಥೆ ಕೇಳುವುದು ಎಷ್ಟೋ ಸಲ ಪ್ರಯಾಣದಲ್ಲೇ. ಇಂಜಿನ್ ಸದ್ದಿನಲ್ಲಿ ಪಿಸುಮಾತು ಪೂರ್ತಿ ಮುಳುಗಿಹೋಗುತ್ತದೆ. ಹಾಗಾಗಿ ತುಂಗಿ, ಕಾಡುಪಾಪ ಗುಟ್ಟಾಗಿ ಮಾತಾಡುವ ಸಾಲುಗಳನ್ನೆಲ್ಲ ಅರ್ಧ ದನಿಯಲ್ಲಿ ಇನ್ನೊಮ್ಮೆ ಓದಿ ಸೇರಿಸಿದೆ.