ಹಳೆ ಹ್ಯಾಟ್ ಎಷ್ಟು ಹಳೆಯದು? ಒಳಗೆ ನೋಡಿ
ಸೆಕೆಂಡ್ ಹ್ಯಾಂಡ್ ಹ್ಯಾಟ್ ಸಿಕ್ಕರೆ ಆಕಾರ ನೋಡಿಯೇ ಕಾಲ ಹೇಳಿಬಿಡುವವರು ಜಾಸ್ತಿ. ಆಕಾರವನ್ನು ಪೂರ್ತಿ ನಂಬಬೇಡಿ. ಗಂಟೆಯಂತೆ ಕಿವಿವರೆಗೆ ಇಳಿಯುವ ಕ್ಲೋಶ್ 1920ರ ದಶಕದ ಫ್ಯಾಷನ್, ನಿಜ. ಆದರೆ ಆಮೇಲೂ ಅದು ಮರಳಿ ಬಂದಿದೆ. ಗುಂಡು ತಲೆಯ ಗಟ್ಟಿ ಬೌಲರ್ ಹ್ಯಾಟ್ ಹುಟ್ಟಿದ್ದು 1849ರಲ್ಲಿ, ಲಂಡನ್‌ನಲ್ಲಿ. ಇವತ್ತಿಗೂ ತಯಾರಾಗುತ್ತಿದೆ!

ಅಸಲಿ ಸುಳಿವು ಇರುವುದು ಒಳಗೆ. ಹಣೆಗೆ ತಾಗುವ ಪಟ್ಟಿಯನ್ನು ಮೆಲ್ಲಗೆ ಹೊರಕ್ಕೆ ಮಡಚಿ, ಹಿಂದೆ ನೋಡಿ. ಸೈಜ್ ಚೀಟಿ, ತಯಾರಕರ ಗುರುತು ಎಷ್ಟೋ ಸಲ ಅಲ್ಲೇ ಅಡಗಿರುತ್ತವೆ. ಚರ್ಮದ ಪಟ್ಟಿ ಒಣಗಿದ್ದರೆ ಬಲವಂತ ಮಾಡಬೇಡಿ, ಹರಿದುಹೋಗುತ್ತದೆ.

ಲೇಬಲ್‌ನಲ್ಲಿ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದಿದ್ದರೆ ಕೆಲಸ ಸುಲಭ: ಜಪಾನ್ ಮಿತ್ರಪಡೆಗಳ ಹಿಡಿತದಲ್ಲಿದ್ದದ್ದು 1945ರಿಂದ 1952ರವರೆಗೆ ಮಾತ್ರ. ಅಮೆರಿಕದ ವಿಳಾಸದಲ್ಲಿ 5 ಅಂಕಿಯ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಕಂಡರೆ ಅದು 1963ಕ್ಕಿಂತ ಹಳೆಯದಲ್ಲ. ಪಾಲಿಯೆಸ್ಟರ್ ಲೈನಿಂಗ್ ಇದ್ದರೆ, ಎಷ್ಟೇ ಹಳೆಯದೆಂದರೂ 1950ರ ದಶಕದ್ದು. ಆದರೆ ಲೈನಿಂಗ್ ಆಮೇಲೆ ಬದಲಾಯಿಸಿದ್ದೂ ಇರಬಹುದು, ಅಲ್ವಾ? ಪಕ್ಕದಲ್ಲಿ ಹಳೆ ಹೊಲಿಗೆಯ ಖಾಲಿ ತೂತುಗಳಿವೆಯಾ ನೋಡಿ.

ಒಂದು ಎಚ್ಚರಿಕೆ. ಹಿಂದೆ ಮೊಲ, ಬೀವರ್‌ಗಳ ತುಪ್ಪಳದಿಂದ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಮಾಡಲು ಪಾದರಸ ಬಳಸುತ್ತಿದ್ದರು. ಅಮೆರಿಕದಲ್ಲಿ ಅದು ನಿಂತದ್ದು 1941ರಲ್ಲಿ. ಪಾದರಸ ವಿಷ, ಹ್ಯಾಟ್‌ನಲ್ಲಿ ಇನ್ನೂ ಉಳಿದಿರಬಹುದು. ಹಾಗಾಗಿ ಅಂಥ ಹಳೆ ಫೆಲ್ಟ್ ಹ್ಯಾಟನ್ನು ಕೈಗವಸು ಹಾಕಿಕೊಂಡೇ ಮುಟ್ಟಿ. ತಲೆಗೆ ಹಾಕಬೇಡಿ, ಆವಿ ಕೊಟ್ಟು ನೇರ ಮಾಡಲೂ ಹೋಗಬೇಡಿ.

ನಿಮ್ಮ ಹ್ಯಾಟ್ ಎಷ್ಟು ಹಳೆಯದು ಅಂತ ಇಲ್ಲಿ ಕೇಳುವುದಾದರೆ ಲೇಬಲ್, ಪಟ್ಟಿಯ ಹಿಂಭಾಗ, ಅಂಚಿನ ಹೊಲಿಗೆ ಮೂರರ ಫೋಟೊನೂ ಹಾಕಿ. ಸುಮ್ನೆ ಮೇಲಿಂದ ತೆಗೆದ ಒಂದು ಫೋಟೊ ಸಾಲದು.