ಏಳನೇ ದಿನದ ಇಇಜಿ: ತುಮಕೂರಿನಲ್ಲಿ ನನ್ನ ಅನುಭವ

ಕವರುಗಳನ್ನು ಒಡೆದದ್ದು ಹೋದ ವರ್ಷ ಯುಗಾದಿ ಕಳೆದ ಮೇಲಿನ ಭಾನುವಾರ. ನಾನು, ನಮ್ಮ ಟೆಕ್ನಿಷಿಯನ್, ಸ್ಕೋರ್ ಬರೆಯುವ ಸಿಸ್ಟರ್, ಮೂವರೇ ಇದ್ದೆವು. ಸುಮಾರು 45 ಕವರು. ಒಂದೊಂದರಲ್ಲೂ ಖಿನ್ನತೆಯ ಒಬ್ಬ ರೋಗಿಯ ಎರಡು ಇಇಜಿಗಳ (ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು) ಲೆಕ್ಕ: ಮಾತ್ರೆ ಶುರು ಮಾಡುವ ಮುಂಚಿನದು, ಏಳನೇ ದಿನದ್ದು. ಮಾತ್ರೆ ಹಿಡಿಯುತ್ತದೋ ಇಲ್ಲವೋ ಏಳನೇ ದಿನವೇ ಹೇಳಬಹುದಾ ಅನ್ನುವುದು ನಮ್ಮ ಪ್ರಶ್ನೆ. ಹಣೆಯ ಕಡೆಯ ಥೀಟಾ ಕಾರ್ಡನ್ಸ್ (ಥೀಟಾ ಅನ್ನುವ ನಿಧಾನದ ಅಲೆಗಳ ಬಲದಿಂದ ಲೆಕ್ಕ ಹಾಕುವ ಒಂದು ಅಳತೆ) ಕಡಿಮೆಯಾಗಿದ್ದರೆ 'ಇಳಿದಿದೆ', ಇಲ್ಲದಿದ್ದರೆ 'ಇಲ್ಲ'. ಟೆಕ್ನಿಷಿಯನ್ ಲೆಕ್ಕ ಹಾಕಿ ಅಂಟಿಸಿಟ್ಟದ್ದು. ಒಳಗೇನಿದೆ ಅಂತ ಸಿಸ್ಟರ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸಿಸ್ಟರ್ ಹತ್ತಿರ ಎಂಟನೇ ವಾರದ ಹ್ಯಾಮಿಲ್ಟನ್ ಸ್ಕೋರ್ ಇತ್ತು, ಅಂದರೆ ಖಿನ್ನತೆ ಎಷ್ಟಿದೆ ಅನ್ನುವ ಅಂಕ, ಇಳಿದಷ್ಟೂ ಒಳ್ಳೆಯದು.

'ಇಳಿದಿದೆ' ಅಂತಿದ್ದ 26 ಜನರಲ್ಲಿ 19ಓ 20ಓ ಜನರ ಸ್ಕೋರ್ ಅರ್ಧಕ್ಕಿಂತ ಕೆಳಗೆ ಬಂದಿತ್ತು. 'ಇಲ್ಲ' ಅಂತಿದ್ದವರಲ್ಲಿ ಐದಾರು ಜನರದ್ದು ಮಾತ್ರ. ಅವತ್ತು ಮನೆಗೆ ಹೋಗಿ ಊಟ ಮಾಡಿದ್ದು ನಾಲ್ಕು ಗಂಟೆಗೆ.

'ಇದು ನಾಣ್ಯ ಚಿಮ್ಮಿದ ಹಾಗೆ, ಸುಮ್ನೆ ದುಡ್ಡು ಹಾಳು' ಅಂದಿದ್ದ ಗೆಳೆಯರಿಗೆ ಅವತ್ತೇ ಫೋನ್ ಮಾಡಿದೆ. ಅವರ ಅನುಮಾನಕ್ಕೂ ಕಾರಣ ಇತ್ತು. ಇಇಜಿ ನೋಡಿ ಖಿನ್ನತೆಯ ಮಾತ್ರೆ ಹಿಡಿಯುತ್ತದೋ ಇಲ್ಲವೋ ಹೇಳುವ ಅಧ್ಯಯನಗಳನ್ನೆಲ್ಲ 2019ರಲ್ಲಿ ಒಟ್ಟು ಹಾಕಿ ನೋಡಿದವರು, ಇದು ಇನ್ನೂ ಕ್ಲಿನಿಕ್‌ಗೆ ಬರುವ ಹಾಗಿಲ್ಲ ಅಂತಲೇ ಬರೆದರು. ನಾನು ಹಿಡಿದದ್ದು ಅದಕ್ಕಿಂತ ಹಳೆಯ ದಾರಿ, ಲಾಸ್ ಏಂಜಲೀಸ್‌ನ ಕುಕ್, ಲ್ಯೂಕ್ಟರ್ ಅವರ ತಂಡ 2002ರಲ್ಲಿ ತೋರಿಸಿದ್ದು. ರೋಗಿಯನ್ನು ಬೇರೆಯವರ ಜೊತೆ ಹೋಲಿಸುವುದೇ ಬೇಡ, ಅವರದೇ ಹೋದ ವಾರದ ಇಇಜಿ ಜೊತೆ ಹೋಲಿಸಿದರೆ ಸಾಕು. ಈ ಮಾತು ನನಗೆ ಹಿಡಿಸಿತು.

ಆದರೆ ಎರಡು ಸಲವೂ ರೆಕಾರ್ಡಿಂಗ್ ಶುದ್ಧವಾಗಿರಬೇಕು. ನನ್ನ ಮೊದಲ ಒಂದೂವರೆ ವರ್ಷ ಹೋದದ್ದು ಅದರಲ್ಲೇ.

ಮೊದಲ ಕಷ್ಟ ಎಣ್ಣೆ. ತಿಪಟೂರಿನ ಸೀಮೆ ನಮ್ಮದು, ಹೇಳಬೇಕಾ? ಒಬ್ಬ ತಾಯಿ, ಐವತ್ತರ ಹತ್ತಿರ, ತಿಪಟೂರಿನ ಆಚೆ ಹಳ್ಳಿಯವರು. ಇಂಪೆಡೆನ್ಸ್ (ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್ ಒಳಗೆ ಬರಬೇಕು, 40ರಿಂದ ಕೆಳಗಿಳಿಯುತ್ತಲೇ ಇಲ್ಲ. ಬೈತಲೆ ತೆಗೆದರೆ ಬುರುಡೆ ಮೇಲೆ ಎಣ್ಣೆ ಮಿಂಚುತ್ತಿದೆ. ಪೇಸ್ಟ್ ಹಾಕಿದರೆ ಎಲೆಕ್ಟ್ರೋಡ್ ಜಾರುತ್ತದೆ.

'ಅಕ್ಕಾ, ಎಣ್ಣೆ ಹಚ್ಕೋಬೇಡಿ ಅಂತ ಹೇಳಿದ್ವಲ್ಲಾ?' ಅಂದ ನಮ್ಮ ಟೆಕ್ನಿಷಿಯನ್ ಹುಡುಗ.

'ಊರಿಗೆ ಹೊರಟಾಗ ಒಣತಲೇಲಿ ಹೆಂಗಪ್ಪಾ ಬರೋದು?' ಅಂದರು.

ಅಂದಿನಿಂದ ಬೇಡ ಅನ್ನುವುದನ್ನೇ ಬಿಟ್ಟೆವು. ಕ್ಲಿನಿಕ್ ಹಿಂದೆ ಒಂದು ನಲ್ಲಿ, ಬಿಸಿನೀರು, ಎರಡು ರೂಪಾಯಿಯ ಶಾಂಪೂ ಪೌಚು, ಟವೆಲ್ಲು, ಕೂದಲು ಒಣಗಿಸುವ ಡ್ರೈಯರ್. ಎಲ್ಲ ಸೇರಿ ಮೂರು ಸಾವಿರ ಆಗಿರಬಹುದು. ನಾನು ಹಾಕಿದ ದುಡ್ಡಿನಲ್ಲಿ ಅಷ್ಟು ಚೆನ್ನಾಗಿ ದುಡಿದದ್ದು ಇನ್ನೊಂದಿಲ್ಲ.

ಎರಡನೆಯದು ಕರೆಂಟು. ಮಷಿನ್ ಸೆಕೆಂಡ್ ಹ್ಯಾಂಡ್, 2 ಲಕ್ಷದ 80 ಸಾವಿರ ಚಿಲ್ಲರೆ. ಲೈನ್ ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನುವುದು ಎಲ್ಲ ಚಾನೆಲ್‌ನಲ್ಲೂ. ಮಾರಿದವರು 'ನಾಚ್ ಹಾಕಿ ಸಾರ್' ಅಂದರು, ಅಂದರೆ ಆ 50 ಹರ್ಟ್ಸನ್ನು ತೆಗೆದುಹಾಕುವ ಫಿಲ್ಟರ್. ನಾಚ್ ಹಾಕಿದರೆ ಗೆರೆ ಚೆಂದ ಕಾಣುತ್ತದೆ, ಆದರೆ ಎಲೆಕ್ಟ್ರೋಡ್ ಸರಿಯಾಗಿ ಕೂತಿಲ್ಲ ಅನ್ನುವ ಸುಳಿವೂ ಮುಚ್ಚಿಹೋಗುತ್ತದೆ. ಕೊನೆಗೆ ಹಿತ್ತಲಲ್ಲಿ ಬೇರೆ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ ಅರ್ಥಿಂಗ್ ಮಾಡಿಸಿದೆ, ಒಂಬತ್ತು ಸಾವಿರ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದರೆ ಅವತ್ತಿನ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತೇವೆ.

ಮೂರನೆಯದನ್ನು ಕಂಡುಹಿಡಿಯಲು ಬಹಳ ದಿನ ಬೇಕಾಯಿತು. ಒಂದಷ್ಟು ಜನರ ಥೀಟಾ ಏಳನೇ ದಿನ ಏರಿಬಿಡುತ್ತಿತ್ತು, ಆದರೂ ಅವರು ಗುಣ ಆಗುತ್ತಿದ್ದರು. ನೋಡಿದರೆ ಎಲ್ಲ ಪಾವಗಡ, ಮಧುಗಿರಿ ಕಡೆಯವರು. ಬೆಳಗಿನ ಜಾವದ ಬಸ್ಸು ಹಿಡಿದು ಬಂದು, ಕಣ್ಣು ಮುಚ್ಚಿ ಅಂದ ತಕ್ಷಣ ತೂಕಡಿಸುತ್ತಿದ್ದರು. ನಾವು ಅಳೆಯುತ್ತಿದ್ದದ್ದು ಅವರ ನಿದ್ದೆಯನ್ನು! ಈಗ ಎರಡೂ ದಿನ ಒಂದೇ ಹೊತ್ತು, ಒಂದೇ ಥರ ತಿಂಡಿ ಕಾಫಿ, ಎರಡೆರಡು ನಿಮಿಷದ ತುಣುಕು, ನಡುವೆ ಕಣ್ಣು ತೆರೆಸುತ್ತೇವೆ.

ಕ್ಲೋನಾಜೆಪಾಮ್ (ಆತಂಕಕ್ಕೆ, ನಿದ್ದೆಗೆ ಕೊಡುವ ಮಾತ್ರೆ) ಕಥೆ ವೈದ್ಯರಿಗೆಲ್ಲ ಗೊತ್ತಿರುತ್ತದೆ. ನಮ್ಮ ಹತ್ತಿರ ಬರುವ ಮುಂಚೆಯೇ ಯಾರೋ ಬರೆದುಕೊಟ್ಟಿರುತ್ತಾರೆ. ಅದರಿಂದ ಬೀಟಾ ಅನ್ನುವ ವೇಗದ ಅಲೆಗಳು ಉಬ್ಬಿ ಲೆಕ್ಕವೆಲ್ಲ ವಾಲುತ್ತದೆ. ಹನ್ನೊಂದು ರೆಕಾರ್ಡಿಂಗ್ ಹಾಗೇ ಹೋದವು. ಹಳೇ ಮಾತ್ರೆಯನ್ನು ಇಇಜಿಗೋಸ್ಕರ ತಟಕ್ಕನೆ ನಿಲ್ಲಿಸುವುದು ತಪ್ಪು, ಅಂಥವರನ್ನು ಸೇರಿಸಿಕೊಳ್ಳುವುದನ್ನೇ ಬಿಟ್ಟೆ.

ಏಳನೇ ದಿನಕ್ಕೆ ಜನ ವಾಪಸ್ ಬರುವುದೂ ಸುಲಭವಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಜಾಸ್ತಿ ತಪ್ಪಿಸಲಿಲ್ಲ. ಗಂಡಸರಿಗೂ, ಖಾಸಗಿ ಬಸ್ಸೇ ಗತಿಯಾದ ಪಾವಗಡದ ಕಡೆಯವರಿಗೂ ನಾನೇ ಬಸ್ ಚಾರ್ಜು ಕೊಟ್ಟೆ. ಎರಡನೇ ಇಇಜಿ ಫ್ರೀ. ಒಟ್ಟು ಐದು ಲಕ್ಷದ ಹತ್ತಿರ ಕೈಯಿಂದ ಹೋಗಿದೆ.

ನಡುವೆ ಆಲ್ಫಾ ಅಸಿಮೆಟ್ರಿಯನ್ನೂ (ಹಣೆಯ ಎಡಕ್ಕೂ ಬಲಕ್ಕೂ ಆಲ್ಫಾ ಅಲೆಗಳಲ್ಲಿರುವ ವ್ಯತ್ಯಾಸ) ನೋಡಿದೆ. 2016ರಲ್ಲಿ ಸಾವಿರಕ್ಕೂ ಜಾಸ್ತಿ ರೋಗಿಗಳ ಅಧ್ಯಯನದಲ್ಲಿ ಅದು ಹೆಂಗಸರಿಗೆ ಮಾತ್ರ ಕೆಲಸ ಮಾಡಿತ್ತು, ಅದೂ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆಗಳ ಮೇಲೆ. ನನ್ನಲ್ಲಿ ರೆಫರೆನ್ಸ್ (ಉಳಿದವನ್ನು ಹೋಲಿಸಿ ಅಳೆಯುವ ಎಲೆಕ್ಟ್ರೋಡ್) ಕಿವಿಯಿಂದ ನೆತ್ತಿಗೆ ಬದಲಿಸಿದರೆ ಅದೇ ಮನುಷ್ಯನ ಉತ್ತರವೇ ತಿರುಗುತ್ತಿತ್ತು. ಬಿಟ್ಟೆ. ಎಂಜಿನಿಯರ್ ಆಗಿರುವ ಅಕ್ಕನ ಮಗ ಮಷಿನ್ ಲರ್ನಿಂಗ್ ಅಂತ ಎರಡು ತಿಂಗಳು ಕೂತ. 45 ಜನರ ಡೇಟಾಕ್ಕೆ ಅದು ಏನು ಕಲಿತೀತು?

ರೆಕಾರ್ಡಿಂಗ್‌ಗೆ ಮುಂಚಿನ ಎರಡು ನಿಮಿಷ ರೋಗಿಯ ದವಡೆ ಸಡಿಲ ಬಿಡಿಸಲು ನಾವು ಏನು ಮಾಡಿಸುತ್ತೇವೆ, ಎಷ್ಟು ಇಳಿದರೆ 'ಇಳಿದಿದೆ' ಅಂತ ಬರೆಯುತ್ತೇವೆ, ಇವೆರಡನ್ನು ಇಲ್ಲಿ ಬರೆಯಲ್ಲ. ಮೊದಲನೆಯದು ನಮ್ಮ ಹುಡುಗನ ಕಣ್ಣಿಗೆ ಬಿದ್ದದ್ದು, ಹೇಳುವ ಹಕ್ಕೂ ಅವನದೇ.

ಈಗ 'ಇಲ್ಲ' ಅಂತ ಬಂದರೂ ಮಾತ್ರೆ ತಕ್ಷಣ ಬದಲಿಸಲ್ಲ. ಆರನೇ ವಾರಕ್ಕೆ ಬನ್ನಿ ಅನ್ನುವ ಬದಲು ಮೂರನೇ ವಾರಕ್ಕೇ ಕರೆಯುತ್ತೇನೆ. ಮಾತ್ರೆ ನುಂಗುತ್ತಿದ್ದಾರಾ, ಡೋಸ್ ಸಾಕಾ, ಥೈರಾಯ್ಡ್ ನೋಡಿದ್ದೀವಾ, ಎಲ್ಲ ಮತ್ತೆ ಕೇಳುತ್ತೇನೆ. ತಿಪಟೂರಿನ ಆ ತಾಯಿಯ ಕವರಿನಲ್ಲಿ 'ಇಲ್ಲ' ಇತ್ತು. ಎಂಟು ವಾರಕ್ಕೆ ಸ್ಕೋರ್ 22ರಿಂದ 19ಕ್ಕೆ ಬಂದಿತ್ತು, ಅಷ್ಟೆ. ಬೇರೆ ಮಾತ್ರೆಗೆ ಹಾಕಿದ ಮೇಲೆ ಚೇತರಿಸಿಕೊಂಡರು. ಏಳನೇ ದಿನವೇ ಆ ಕವರು ನನ್ನ ಕೈಲಿದ್ದಿದ್ದರೆ ಅವರ ಒಂದು ತಿಂಗಳಾದರೂ ಉಳಿಯುತ್ತಿತ್ತು. ಅದು ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

2002ರ ಆ ಕೆಲಸದಲ್ಲಿ 48 ಗಂಟೆಗೇ ಬದಲಾವಣೆ ಕಂಡಿತ್ತು. ಅದನ್ನೂ ನೋಡೋಣ ಅಂತ ದೀಪಾವಳಿಯಿಂದ ಶುರು ಮಾಡಿದ್ದೇವೆ. ಊರೊಳಗಿನವರು ಮಾತ್ರ, ಒಂಬತ್ತು ಜನ ಆಗಿದ್ದಾರೆ. ಕವರುಗಳು ಬೀರುವಿನಲ್ಲಿವೆ, ಬೀಗದ ಕೈ ಸಿಸ್ಟರ್ ಹತ್ತಿರ.