ಸೆಮಿ-ಟ್ರಾನ್ಸ್‌ಪರೆಂಟ್ ಪೆರೋವ್‌ಸ್ಕೈಟ್ ಸೆಲ್ ಬಾಳಿಕೆ ಬರ್ಬೇಕಾ? ಒಳಗಿಂದ ಶುರು ಮಾಡಿ

ಸೆಮಿ-ಟ್ರಾನ್ಸ್‌ಪರೆಂಟ್ ಅಂದ್ರೆ ಸ್ವಲ್ಪ ಬೆಳಕು ದಾಟಿಹೋಗೋ ಸೋಲಾರ್ ಸೆಲ್. ಅದು ಬೇಗ ಹಾಳಾಗ್ತಿದೆ ಅಂದ ತಕ್ಷಣ ಎಲ್ರೂ ಸೀಲಿಂಗ್ ಕಡೆ ಓಡ್ತಾರೆ, ಆದ್ರೆ ಒಳಗಿನ ಲೇಯರ್‌ಗಳೇ ಒಂದನ್ನೊಂದು ತಿಂತಾ ಇದ್ರೆ ಹೊರಗಿಂದ ಎಷ್ಟು ಮುಚ್ಚಿ ಏನು ಪ್ರಯೋಜನ.

ಮೊದ್ಲು ಪೆರೋವ್‌ಸ್ಕೈಟ್, ಅಂದ್ರೆ ಬೆಳಕು ಹೀರ್ಕೊಂಡು ಕರೆಂಟ್ ಮಾಡೋ ಲೇಯರ್, ನೋಡಿ. ಅದ್ರಲ್ಲಿ ಮೀಥೈಲ್ ಅಮೋನಿಯಂ ಹಾಕೋದು ಬಿಟ್ಬಿಡಿ, 85 ಡಿಗ್ರಿಯಲ್ಲಿ ಅದು ನಿಧಾನಕ್ಕೆ ಹಾರಿಹೋಗಿ ಹಳದಿ ಲೆಡ್ ಅಯೋಡೈಡ್ ಉಳಿಯುತ್ತೆ. ಫಾರ್ಮಮಿಡಿನಿಯಂ-ಸೀಸಿಯಂ ಮಿಕ್ಸ್ ವಾಸಿ. ಬೆಳಕು ಜಾಸ್ತಿ ದಾಟ್ಲಿ ಅಂತ ಬ್ರೋಮೈಡ್ ಸುರಿಯೋಕೂ ಹೋಗ್ಬೇಡಿ, ಬಿಸಿಲಿಗೆ ಅಯೋಡೈಡ್ ಒಂದ್ ಕಡೆ ಬ್ರೋಮೈಡ್ ಒಂದ್ ಕಡೆ ಸೇರ್ಕೊಂಡು ವೋಲ್ಟೇಜ್ ಬೀಳುತ್ತೆ.

ಅಸಲಿ ಕೆಲ್ಸ ಇರೋದು ಹಿಂದಿನ ಎಲೆಕ್ಟ್ರೋಡ್ ಹತ್ರ. ಐಟಿಒ (ಕರೆಂಟ್ ಹರಿಯೋ ಪಾರದರ್ಶಕ ಆಕ್ಸೈಡ್) ಸ್ಪಟರ್ ಮಾಡುವಾಗ, ಅಂದ್ರೆ ಕಣ ಕಣವಾಗಿ ಸಿಡಿಸಿ ಹಚ್ಚುವಾಗ, ಜೋರಾಗಿ ಬಂದು ಬಡಿಯೋ ಕಣಗಳು ಕೆಳಗಿನ ಮೆತ್ತನೆ ಆರ್ಗ್ಯಾನಿಕ್ ಲೇಯರ್ ಕೆಡಿಸ್ತವೆ, ಅದಕ್ಕೆ ಸಿ60 (ಎಲೆಕ್ಟ್ರಾನ್ ಸಾಗಿಸೋ ಕಾರ್ಬನ್ ಲೇಯರ್) ಮೇಲೆ ಎಎಲ್‌ಡಿಯಿಂದ (ಆವಿಯಿಂದ ಪರಮಾಣು ಪದರ ಒಂದೊಂದೇ ಕೂರಿಸೋ ವಿಧಾನ) ಸುಮಾರು 20 ನ್ಯಾನೋಮೀಟರ್ ಟಿನ್ ಆಕ್ಸೈಡ್ ಹಾಕಿ, ಟೆಂಪರೇಚರ್ 100 ಡಿಗ್ರಿ ದಾಟದೇ ಇರ್ಲಿ, ಅದ್ರಲ್ಲಿ ಬಿಡೋ ನೀರಾವಿಯ ಪಲ್ಸ್ ಚಿಕ್ಕದಿರ್ಲಿ, ಸಿ60 ಬಿಟ್ಟು ನೇರವಾಗಿ ಪೆರೋವ್‌ಸ್ಕೈಟ್ ಮೇಲೇ ಹಾಕೋ ಸಾಹಸ ಬೇಡ. ಈ ಲೇಯರ್ ಸ್ಪಟರ್ ಏಟು ತಡೆಯೋದಲ್ದೆ ತೇವ ಒಳಗೆ ಬರೋದನ್ನೂ ಅಯೋಡೈಡ್ ಹೊರಗೆ ಹೋಗೋದನ್ನೂ ತಡೆಯುತ್ತೆ. ಇದ್ರ ಬದ್ಲು ಮಾಲಿಬ್ಡಿನಂ ಆಕ್ಸೈಡ್ ಹಾಕೋದು ಸುಲಭ ಹೌದು, ಆದ್ರೆ ಅದು ಅಯೋಡೈಡ್ ಜೊತೆ ರಿಯಾಕ್ಟ್ ಆಗುತ್ತೆ, ನಾನಂತೂ ಹಾಕಿ ಅನ್ನಲ್ಲ. ಇನ್ನೊಂದು ಮಜಾ ಏನಂದ್ರೆ, ಬೆಳ್ಳಿ ಎಲೆಕ್ಟ್ರೋಡ್ ಅಯೋಡೈಡ್ ಸಿಕ್ರೆ ಸಿಲ್ವರ್ ಅಯೋಡೈಡ್ ಆಗ್ಬಿಡುತ್ತೆ, ಐಟಿಒಗೆ ಆ ಕಾಟ ಇಲ್ಲ, ಹಾಗಾಗಿ ಸರಿಯಾಗಿ ಮಾಡಿದ್ರೆ ಪಾರದರ್ಶಕ ಸೆಲ್ಲೇ ಮಾಮೂಲಿ ಸೆಲ್‌ಗಿಂತ ಜಾಸ್ತಿ ಬಾಳುತ್ತೆ. 2017ರಲ್ಲಿ ಸ್ಟ್ಯಾನ್‌ಫರ್ಡ್, ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯವ್ರು ಹೆಚ್ಚುಕಮ್ಮಿ ಇದೇ ದಾರಿ ಹಿಡಿದು 85 ಡಿಗ್ರಿ, 85% ತೇವಾಂಶದಲ್ಲಿ 1000 ಗಂಟೆ ತಡ್ಕೊಳ್ಳೋ ಸೆಲ್ ತೋರಿಸಿದ್ರು.

ಸೀಲಿಂಗ್ ಆಮೇಲೆ. ಎರಡೂ ಕಡೆ ಗ್ಲಾಸ್, ಅಂಚಿಗೆ ಬ್ಯೂಟೈಲ್ ರಬ್ಬರ್. ಒಳಗೆ ಮಾಮೂಲಿ ಪ್ಯಾನೆಲ್‌ಗಳಲ್ಲಿ ಅಂಟಿಸೋಕೆ ಬಳಸೋ ಇವಿಎ ಪ್ಲಾಸ್ಟಿಕ್ ಬದ್ಲು ಪಾಲಿಓಲೆಫಿನ್ ಶೀಟ್ ಹಾಕಿ, ಇವಿಎ ಹಳತಾದಂಗೆ ಅಸಿಟಿಕ್ ಆಸಿಡ್ ಬಿಡುತ್ತೆ. ಕಿಟಕಿಗೆ ಹಾಕೋದಾದ್ರೆ ಯುವಿ ಫಿಲ್ಟರ್ ಮರೀಬೇಡಿ.

ಟೆಸ್ಟ್ ಮಾಡುವಾಗ ಕತ್ತಲಲ್ಲಿ ಬಿಸಿ ಮಾಡಿ ಪಾಸ್ ಅನ್ಬೇಡಿ, ಬೆಳಕು ಮತ್ತು ಬಿಸಿ ಎರಡೂ ಒಟ್ಟಿಗೆ ಕೊಟ್ಟು ಮ್ಯಾಕ್ಸಿಮಮ್ ಪವರ್ ಪಾಯಿಂಟ್‌ನಲ್ಲಿ ಓಡಿಸಿ, ಎಫಿಶಿಯೆನ್ಸಿ ಶುರುವಲ್ಲಿದ್ದದ್ರ 80%ಗೆ ಇಳಿಯೋಕೆ ಎಷ್ಟು ಟೈಮ್ ಹಿಡೀತು ನೋಡಿ. ಜೊತೆಗೆ ಆಗಾಗ ಸೆಲ್‌ನ ಬೆಳಕಿಗೆ ಹಿಡಿದು ಕಣ್ಣಲ್ಲೇ ನೋಡಿ: ಅಂಚಿಂದ ಒಳಗೆ ಹಳದಿ ಹರಡ್ತಿದ್ರೆ ಮೊದ್ಲು ಸೀಲ್ ಚೆಕ್ ಮಾಡಿ, ಅಲ್ಲಲ್ಲಿ ಚುಕ್ಕೆ ಬಿದ್ದಿದ್ರೆ ಪಿನ್‌ಹೋಲ್ (ಲೇಯರ್‌ನಲ್ಲಿ ಸೂಜಿಮೊನೆಯಂಥ ತೂತು) ಇರ್ಬಹುದು, ಕರೆಂಟ್ ಒಟ್ಟು ಮಾಡೋಕೆ ಐಟಿಒ ಮೇಲೆ ಹಾಕೋ ಬೆಳ್ಳಿ ಗ್ರಿಡ್ ಗೆರೆ ಪಕ್ಕದಲ್ಲೇ ಶುರುವಾಗಿದ್ರೆ ಅಲ್ಲಿ ಐಟಿಒ ಪೂರ್ತಿ ಕವರ್ ಆಗಿದ್ಯಾ ನೋಡಿ.